ತಾಳಗುಂದದ ಕಲ್ಲುಗಳು ಕಲಿಸಿದ ಪಾಠ

ಕಳೆದ ತಿಂಗಳು ಒಂದು ಬೆಳಿಗ್ಗೆ ಪತ್ರಿಕೆ ಹಿಡಿದು ಕುಳಿತಿದ್ದಾಗ ದೂರವಾಣಿ ಕರೆ ಬಂತು. ಮಾತಾಡಿದವನು ನಲವತ್ತು ವರ್ಷಗಳ ಹಿಂದೆ ನನ್ನ ಬಳಿ ಎಂಟನೆಯ ತರಗತಿಯಲ್ಲಿ ಇತಿಹಾಸ ಕಲಿತ ವಿದ್ಯಾರ್ಥಿ. ಹೆಸರು ಬರೆಯುವುದಿಲ್ಲ, ಅವನ ಜೊತೆಗಾರರು ಇದನ್ನು ಓದಿದರೆ ತಾವಾಗಿಯೇ ಗುರುತಿಸುತ್ತಾರೆ. ಶಿರಾಳಕೊಪ್ಪದ ಕಡೆಯ ಒಂದು ತಾಂಡಾದಿಂದ ನಡೆದುಕೊಂಡು ಶಾಲೆಗೆ ಬರುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದಾನೆ, ಮೊಮ್ಮಗುವನ್ನೂ ಕಂಡಿದ್ದಾನೆ.

ಕುಶಲ ಪ್ರಶ್ನೆಗಳು ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದ: “ಸಾರ್, 2027ರ ಜನಗಣತಿಯ ಮಾತು ಮನೆಯಲ್ಲಿ ಬಂತು. ಮಾತೃಭಾಷೆ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಏನು ಬರೆಸಬೇಕು? ನಮ್ಮ ಯಾಡಿ ಇದ್ದಷ್ಟು ದಿನ ಮನೆಯಲ್ಲಿ ಲಂಬಾಣಿ. ಈಗ ಎಲ್ಲರೂ ಆಡುವುದು ಕನ್ನಡವೇ. ಮಗಳು ಕನ್ನಡ ಅಂತಲೇ ಬರೆಸೋಣ ಅನ್ನುತ್ತಾಳೆ. ಲಂಬಾಣಿ ಅಂತ ಬರೆಸಿದರೆ ನಾವು ಕನ್ನಡದವರಲ್ಲ ಅಂದ ಹಾಗೆ ಆಗುತ್ತದಾ ಸಾರ್?”

ಒಂದು ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಆದರೆ ಅವನು ‘ಯಾಡಿ’ ಎಂದ ಕೂಡಲೇ ನನ್ನ ಬಾಯಿ ಕಟ್ಟಿಹೋಯಿತು. “ಸ್ವಲ್ಪ ಯೋಚಿಸಿ ಬರೆಯುತ್ತೇನಪ್ಪಾ” ಎಂದೆ. ಬಾಯಿ ಏಕೆ ಕಟ್ಟಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಶಿಷ್ಯರನ್ನೂ ಬಂಧುಗಳನ್ನೂ ಮತ್ತೊಮ್ಮೆ ತಾಳಗುಂದಕ್ಕೆ ಕರೆದುಕೊಂಡು ಹೋಗಬೇಕಾಗಿದೆ. ಅವನ ಪ್ರಶ್ನೆಗೆ ನಾನು ಬಲ್ಲ ಅತ್ಯಂತ ಹಳೆಯ ಉತ್ತರ ಅಲ್ಲಿಯೇ ನಿಂತಿದೆ.

ಕಂಬದ ಮುಂದೆ

1984ರ ಚಳಿಗಾಲದಲ್ಲಿ ನಾವು ಅಲ್ಲಿಗೆ ಹೋಗಿದ್ದು ಆ ತಂಡದವರಿಗೆ ನೆನಪಿರಬಹುದು. ಶಿಕಾರಿಪುರ ತಾಲ್ಲೂಕಿನ ಈ ಊರಿಗೆ ಪ್ರಾಚೀನ ಕಾಲದಲ್ಲಿ ಸ್ಥಾನಕುಂದೂರು ಎಂಬ ಹೆಸರಿತ್ತು. ಪ್ರಣವೇಶ್ವರ ದೇವಾಲಯದ ಮುಂದೆ ಕಗ್ಗಲ್ಲಿನ ಎಂಟು ಮುಖದ ಕಂಬವೊಂದಿದೆ. ಅದರ ಮೇಲಿನ ಅಕ್ಷರಗಳ ಸಾಲುಗಳು ಅಡ್ಡಲಾಗಿ ಓಡದೆ ಕಂಬದ ಉದ್ದಕ್ಕೆ ಸಾಗುತ್ತವೆ. ನಾನು ಕಂಬಕ್ಕೆ ಕೈಯಿಟ್ಟು ಬಹಳ ಆವೇಶದಿಂದ, “ಮಕ್ಕಳೇ, ಕನ್ನಡಿಗರ ಮೊದಲ ರಾಜಮನೆತನದ ಜನ್ಮಪತ್ರಿಕೆ ಇದು” ಎಂದೆ. ಆಗ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: “ಸಾರ್, ಇದು ಕನ್ನಡದಲ್ಲಿದೆಯಾ?”

ಇಲ್ಲ, ಸಂಸ್ಕೃತದಲ್ಲಿದೆ ಎಂದು ಹೇಳಬೇಕಾಯಿತು. “ಹಾಗಾದರೆ ಅವರ ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು ಸಾರ್?” ಎಂದು ಮರುಪ್ರಶ್ನೆ. ಹುಡುಗರು ನಕ್ಕರು. ಅಧಿಕಪ್ರಸಂಗ ಬೇಡವೆಂದು ನಾನು ಗದರಿದೆ. ಕೇಳಿದವನು ಯಾರೆಂದು ಹೇಳಬೇಕಾಗಿಲ್ಲ. ಮೊನ್ನೆ ಕರೆ ಮಾಡಿದವನೇ. ಅದು ಅಧಿಕಪ್ರಸಂಗವಾಗಿರಲಿಲ್ಲ. ನಾನು ಇಡೀ ವೃತ್ತಿಜೀವನದಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಅದೊಂದು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಶಾಸನಗಳ ಸಂಪುಟಗಳನ್ನು ನಿಧಾನವಾಗಿ ಓದತೊಡಗಿದಾಗ.

ಈ ಶಾಸನವನ್ನು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದು, ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಂಬ ನಿಲ್ಲಿಸಿದವನು ಕದಂಬ ದೊರೆ ಶಾಂತಿವರ್ಮ. ಕಾಲ ಐದನೆಯ ಶತಮಾನದ ಮಧ್ಯಭಾಗ. ಪದ್ಯಗಳನ್ನು ರಚಿಸಿದವನು ಕುಬ್ಜನೆಂಬ ಕವಿ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಲಿಪಿ ಪೆಟ್ಟಿಗೆಯಂಥ ತಲೆಕಟ್ಟಿನ ದಕ್ಷಿಣದ ಬ್ರಾಹ್ಮಿ. ಕದಂಬರ ಕಾಲದ ಈ ಬರವಣಿಗೆಯ ಸಂಪ್ರದಾಯದಿಂದಲೇ ಮುಂದೆ ಕನ್ನಡ ಲಿಪಿಯೂ ತೆಲುಗು ಲಿಪಿಯೂ ಬೆಳೆದು ಬಂದವು.

ಕಥೆ ನಿಮಗೆಲ್ಲ ಗೊತ್ತು. ಮಾನವ್ಯಗೋತ್ರದ ಬ್ರಾಹ್ಮಣ ತರುಣ ಮಯೂರಶರ್ಮ, ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ಕಾಂಚಿಯ ಘಟಿಕಾಸ್ಥಾನಕ್ಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾಗಿ ಅವಮಾನ ಉಂಟಾಗುತ್ತದೆ. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು, ಪಲ್ಲವರ ಗಡಿಪಾಲಕರನ್ನು ಸೋಲಿಸಿ, ಶ್ರೀಪರ್ವತದ ಸುತ್ತಲಿನ ಕಾಡನ್ನು ವಶಮಾಡಿಕೊಂಡು, ಬಾಣರಿಂದ ಕಪ್ಪ ವಸೂಲು ಮಾಡುತ್ತಾನೆ. ಕೊನೆಗೆ ಅವನ ಪರಾಕ್ರಮವನ್ನು ಕಂಡ ಪಲ್ಲವರೇ ಅವನೊಡನೆ ಸಂಧಿ ಮಾಡಿಕೊಂಡು, ಪಶ್ಚಿಮ ಸಮುದ್ರದವರೆಗಿನ ನೆಲಕ್ಕೆ ಒಡೆಯನೆಂದು ಮನ್ನಿಸುತ್ತಾರೆ. ಬನವಾಸಿಯ ಕದಂಬ ರಾಜ್ಯದ ಆರಂಭ ಇದು, ನಾಲ್ಕನೆಯ ಶತಮಾನದ ಮಧ್ಯದಲ್ಲಿ.

ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ 1975ರಲ್ಲಿ ಡಾ. ರಾಜ್‌ಕುಮಾರ್ ಅವರ ‘ಮಯೂರ’ ಚಿತ್ರ ಬಂದಾಗ ನಮ್ಮ ಕಡೆಯ ಟೆಂಟುಗಳಲ್ಲಿ ಜನ ಕಿಕ್ಕಿರಿದಿದ್ದರು. ನಾನೂ ಎರಡು ಸಲ ನೋಡಿದೆ. ಅದು ಕೊಟ್ಟ ಅಭಿಮಾನವನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮಲ್ಲಿ ಅನೇಕರು ಆ ಕಥೆಯನ್ನು ಕನ್ನಡಿಗನೊಬ್ಬ ತಮಿಳರನ್ನು ಗೆದ್ದ ಕಥೆ ಎಂದು ಓದಿಕೊಂಡೆವು. ನಾನೂ ಹಾಗೆಯೇ ಪಾಠ ಮಾಡಿದೆ. ಕಂಬದಲ್ಲಿ ಭಾಷೆಗಳ ಜಗಳವೇ ಇಲ್ಲ. ಆರಂಭದ ಪಲ್ಲವರ ರಾಜಪತ್ರಗಳು ಪ್ರಾಕೃತದಲ್ಲಿವೆ, ಆಮೇಲಿನವು ಸಂಸ್ಕೃತದಲ್ಲಿ. ಪಲ್ಲವ ಶಿವಸ್ಕಂದವರ್ಮ ಕಾಂಚಿಯಿಂದ ಹೊರಡಿಸಿದ ಪ್ರಾಕೃತ ತಾಮ್ರಪಟಗಳು ಸಿಕ್ಕಿದ್ದು ಈಗಿನ ವಿಜಯನಗರ ಜಿಲ್ಲೆಯ ಹಿರೇಹಡಗಲಿಯಲ್ಲಿ. ಮಯೂರಶರ್ಮನ ಹೆಸರಿರುವ ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಗಲ್ಲಿನ ಶಾಸನವೂ ಪ್ರಾಕೃತವೇ. ಹೊಡೆದಾಡಿಕೊಂಡ ಎರಡೂ ಕಡೆಯವರು ಕಲ್ಲಿಗೂ ತಾಮ್ರಕ್ಕೂ ಒಂದೇ ಬಗೆಯ ಭಾಷೆಗಳನ್ನು ಕೊಟ್ಟರು. ಅವರ ಜಗಳ ಅಧಿಕಾರದ್ದು, ಮಾನದ್ದು. ಅದನ್ನು ನುಡಿಯ ಜಗಳವನ್ನಾಗಿ ಮಾಡಿದವರು ನಾವು.

ಕಂಬಕ್ಕಿಂತ ಹಿಂದೆ

ಅದೇ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ ಎಂಬ ಹಳ್ಳಿಯಲ್ಲಿ ಇನ್ನೊಂದು ಕಂಬವಿದೆ. ಅದರ ಮೇಲೆ ಎರಡು ಶಾಸನಗಳು. ಮೊದಲನೆಯದು ಚುಟುಕುಲದ ಸಾತಕರ್ಣಿಯದು. ಅವನು ತನ್ನನ್ನು ವೈಜಯಂತಿಯ, ಎಂದರೆ ಬನವಾಸಿಯ, ಅರಸನೆಂದು ಕರೆದುಕೊಳ್ಳುತ್ತಾನೆ. ಎರಡನೆಯದು ಕದಂಬ ದೊರೆಯೊಬ್ಬನದು. ಅವನು ಮಯೂರಶರ್ಮನೇ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಎರಡೂ ಪ್ರಾಕೃತದಲ್ಲಿವೆ. ರಾಜಮನೆತನ ಬದಲಾದರೂ ಹೊಸಬರು ಹಳಬರ ಶಾಸನವನ್ನು ಅಳಿಸಲಿಲ್ಲ. ಅದೇ ಕಂಬದ ಮೇಲೆ, ಅದೇ ಭಾಷೆಯಲ್ಲಿ ತಮ್ಮ ಮಾತನ್ನೂ ಬರೆಸಿದರು. ಮಾನವ್ಯಗೋತ್ರ, ಹಾರಿತೀಪುತ್ರ ಎಂಬ ಹೆಗ್ಗಳಿಕೆಗಳು ಚುಟುಗಳಿಗೂ ಇದ್ದವು, ಕದಂಬರಿಗೂ ಬಂದವು.

ತಾಳಗುಂದದ ಕಂಬವೂ ತನ್ನ ಹಿಂದಿನವರನ್ನು ನೆನೆಯುತ್ತದೆ. ಇಲ್ಲಿನ ಮಹಾದೇವನನ್ನು ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದೂ, ಆ ದೇವಾಲಯದ ಬಳಿ ಕಾಕುಸ್ಥವರ್ಮ ಕೆರೆ ಕಟ್ಟಿಸಿದನೆಂದೂ ಹೇಳುತ್ತದೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಉತ್ತರದ ಗುಪ್ತರಿಗೂ ಇತರ ರಾಜವಂಶಗಳಿಗೂ ಕೊಟ್ಟದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಮಲೆನಾಡಿನ ಅಂಚಿನ ಈ ಊರಿಗೆ ಕಾಂಚಿಯೂ ಗೊತ್ತಿತ್ತು, ಶ್ರೀಶೈಲವೂ ಗೊತ್ತಿತ್ತು, ಗಂಗೆಯ ಬಯಲಿನ ಬೀಗರೂ ಗೊತ್ತಿದ್ದರು.

ಕದಂಬರು ಎಲ್ಲಿಯವರು ಎಂಬ ಪ್ರಶ್ನೆಯನ್ನು ನೀವು ಬಹಳ ಸಲ ಕೇಳಿದ್ದೀರಿ. ಈ ಊರಿನಲ್ಲಿಯೇ ದೊರೆತ, ಶತಮಾನಗಳ ನಂತರದ ಶಾಸನವೊಂದು, ಮುಕ್ಕಣ್ಣ ಕದಂಬನು ಉತ್ತರದ ಅಹಿಚ್ಛತ್ರಕ್ಕೆ ಹೋಗಿ ಬ್ರಾಹ್ಮಣರನ್ನು ಕರೆತಂದು ಸ್ಥಾನಕುಂದೂರಿನ ಅಗ್ರಹಾರದಲ್ಲಿ ನೆಲೆಗೊಳಿಸಿದನೆಂದು ಹೇಳುತ್ತದೆ. ಆದರೆ ಹಳೆಯ ಕಂಬದಲ್ಲಿ ಅಹಿಚ್ಛತ್ರದ ಮಾತಿಲ್ಲ. ಮನೆಯ ಬಳಿ ಒಂದು ಕದಂಬ ವೃಕ್ಷವಿತ್ತು, ಅದನ್ನು ಅಕ್ಕರೆಯಿಂದ ಪೋಷಿಸಿದ್ದರಿಂದ ಆ ಮನೆತನಕ್ಕೆ ಅದರ ಹೆಸರು ಬಂತು ಎಂದಷ್ಟೇ ಇದೆ. ಮೊದಲಿನವರಿಗೆ ಮನೆಯ ಮುಂದಿನ ಮರವೇ ಸಾಕಾಗಿತ್ತು. ಮುಂದಿನವರಿಗೆ ದೂರದ ಪುಣ್ಯಸ್ಥಳದ ನಂಟು ಬೇಕೆನಿಸಿತು. ನಮ್ಮ ನಮ್ಮ ಮನೆತನಗಳ ಮೂಲವನ್ನು ಹೇಳುವಾಗ ನಾವೂ ಹೀಗೆಯೇ ಮಾಡುವುದಿಲ್ಲವೇ? ನಮ್ಮ ಮನೆಯಲ್ಲಿಯೂ ಅಜ್ಜ ಹೇಳುತ್ತಿದ್ದ ಮೂಲಸ್ಥಾನ ಒಂದು, ಚಿಕ್ಕಪ್ಪ ಹೇಳುತ್ತಿದ್ದದ್ದು ಇನ್ನೊಂದು.

ಕನ್ನಡ ಎಲ್ಲಿತ್ತು?

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅರಸರು ಪ್ರಾಕೃತ, ಸಂಸ್ಕೃತಗಳಲ್ಲಿ ಬರೆಸುತ್ತಿದ್ದಾಗ ಕನ್ನಡ ಎಲ್ಲಿತ್ತು? ಜನರ ಬಾಯಲ್ಲಿತ್ತು, ಗದ್ದೆಯಲ್ಲಿತ್ತು, ಸಂತೆಯಲ್ಲಿತ್ತು. ಕಲ್ಲಿಗೆ ಏರಿರಲಿಲ್ಲ, ಅಷ್ಟೆ.

ನಾವು ಪಾಠ ಮಾಡುವ ಕಾಲದಲ್ಲಿ ಮೊದಲ ಕನ್ನಡ ಶಾಸನವೆಂದರೆ ಬೇಲೂರು ತಾಲ್ಲೂಕಿನ ಹಲ್ಮಿಡಿಯದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು. ಕಾಲ ಸುಮಾರು ಕ್ರಿ.ಶ. 450. 2013ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಉತ್ಖನನ ನಡೆಸಿದಾಗ, ಸಿಂಹದ ಕೆತ್ತನೆಯಿರುವ ಮೆಟ್ಟಿಲಿನ ಕಟಾಂಜನದ ಮೇಲೆ ಇನ್ನೊಂದು ಶಾಸನ ಸಿಕ್ಕಿತು. ಅದರಲ್ಲಿ ಸಂಸ್ಕೃತದ ಜೊತೆಗೆ ಕನ್ನಡವಿದೆ. ಅದರ ಕಾಲವನ್ನು ಇಲಾಖೆಯ ತಜ್ಞರು ಕ್ರಿ.ಶ. 370 ಎಂದು ನಿರ್ಣಯಿಸಿದ್ದಾರೆ; ಎಂದರೆ ಹಲ್ಮಿಡಿಗಿಂತ ಸುಮಾರು 80 ವರ್ಷ ಹಿಂದೆ. ಸುದ್ದಿ ಓದಿದ ದಿನ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಎಷ್ಟೋ ಸಲ ಆ ಆವರಣದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇಲ್ಲಿ ಕನ್ನಡದ ಶಾಸನವಿಲ್ಲವಲ್ಲ ಎಂದು ಪೇಚಾಡಿಕೊಂಡಿದ್ದೆ. ನಾವು ನಿಂತ ನೆಲದ ಕೆಳಗೇ ಅದು ಮಲಗಿತ್ತು.

ಆದರೆ ಸಂತೋಷದಲ್ಲಿ ಒಂದು ವಿಷಯ ಮರೆಯಬಾರದು. ಕನ್ನಡ ಆ ಕಲ್ಲಿನ ಮೇಲೆ ಒಂಟಿಯಾಗಿ ಕಾಣಿಸಿಕೊಂಡಿಲ್ಲ. ಸಂಸ್ಕೃತದ ಪಕ್ಕದಲ್ಲಿ ಬಂದಿದೆ. ಹಲ್ಮಿಡಿಯ ಕನ್ನಡವೂ ಸಂಸ್ಕೃತ ಶಬ್ದಗಳಿಂದ ತುಂಬಿದೆ. ಅರಸರು ಪ್ರಾಕೃತವನ್ನೋ ಸಂಸ್ಕೃತವನ್ನೋ ಓಡಿಸಿ ಕನ್ನಡವನ್ನು ತಂದು ಕೂರಿಸಲಿಲ್ಲ. ಇರುವ ಭಾಷೆಗಳ ಜೊತೆಯಲ್ಲಿ ಕುಳಿತು, ಅವುಗಳಿಂದ ಅಕ್ಷರವನ್ನೂ ಪದವನ್ನೂ ಪಡೆದು, ಅದು ಶತಮಾನಗಳ ಕಾಲ ಬೆಳೆಯಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೆಸರಿಸುವ ಹೊತ್ತಿಗೆ ಆ ಬೆಳೆ ಕೊಯ್ಲಿಗೆ ಬಂದಿತ್ತು.

ನೆರೆಯ ಬಳ್ಳಿಗಾವೆ

ತಾಳಗುಂದಕ್ಕೆ ಬಂದವರು ನೆರೆಯ ಬಳ್ಳಿಗಾವೆಯನ್ನು ನೋಡದೆ ಹೋಗುವುದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ನಾಡಿನ ರಾಜಧಾನಿ. ಅಲ್ಲಮಪ್ರಭುವಿನ ಊರೆಂದು ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. 1129ರ ಬಳ್ಳಿಗಾವೆಯ ಶಾಸನವೊಂದು ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐದರ ಆಲಯಗಳೂ ಊರಿನಲ್ಲಿದ್ದವೆಂದು ಹೇಳುತ್ತದೆ. 11ನೆಯ ಶತಮಾನದಲ್ಲಿ ಅಲ್ಲಿ ಕಟ್ಟಿದ ಬೌದ್ಧ ವಿಹಾರದ ದಾನಶಾಸನದಲ್ಲಿ ತಾರಾ ಭಗವತಿ, ಲೋಕೇಶ್ವರರ ಜೊತೆಗೆ ಕೇಶವನ ಹೆಸರೂ ಇದೆ.

1162ರ ಕೋಡಿಮಠದ ಶಾಸನವನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಓದಿ ವಿವರಿಸುತ್ತಿದ್ದೆ. ಕಾಳಾಮುಖ ಶೈವರ ಮಠ ಅದು. ಅಲ್ಲಿ ನಾಲ್ಕು ವೇದಗಳ ಪಾಠವಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ಶಾಕಟಾಯನ ಜೈನ ವೈಯಾಕರಣ. ದರ್ಶನಗಳ ಪಟ್ಟಿಯಲ್ಲಿ ಬೌದ್ಧವೂ ಸೇರಿತ್ತು. ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರು, ಹಾಡುವವರು, ಕಥೆ ಹೇಳುವವರು, ಕುಣಿಯುವವರು ಎಲ್ಲರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಇಷ್ಟನ್ನೂ ಹೇಳುವ ಆ ಶಾಸನದ ಭಾಷೆ ಕನ್ನಡ. ತಾಳಗುಂದದಲ್ಲಿ ಮೆಟ್ಟಿಲಿನ ಪಕ್ಕದಲ್ಲಿ ಸಣ್ಣದಾಗಿ ಕಾಣಿಸಿಕೊಂಡ ಭಾಷೆ, ಎಂಟು ಶತಮಾನಗಳಲ್ಲಿ, ಹತ್ತಾರು ಮತಗಳಿಗೆ ಅನ್ನ ಹಾಕುವ ಮನೆಯ ಯಜಮಾನಿಯ ಮಾತಾಗಿತ್ತು. ಮನೆ ತನ್ನದಾದ ಮೇಲೂ ಅದು ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ ಎಂಬುದನ್ನು ನಾನು ಅಭಿಮಾನದಿಂದ ಪಾಠ ಮಾಡುತ್ತಿದ್ದೆ. ಪಾಠ ಮಾಡಿದಂತೆ ನಡೆದುಕೊಳ್ಳಲಿಲ್ಲ.

ನನ್ನ ತಪ್ಪು

ಆ ಪ್ರವಾಸಕ್ಕೆ ಕೆಲವು ವಾರ ಮುಂಚಿನ ಮಾತು. ಅದೇ ಹುಡುಗ ಒಂದು ದಿನ ಬಹಳ ತಡವಾಗಿ ಬಂದ. ಕಾರಣ ಕೇಳಿದೆ. “ಯಾಡಿಗೆ ಜ್ವರ ಸಾರ್” ಎಂದ. ಅವನು ಹೇಳಿದ್ದು ನನಗೆ ಅರ್ಥವಾಗಿತ್ತು. ಅಷ್ಟು ವರ್ಷ ಆ ಭಾಗದಲ್ಲಿದ್ದವನಿಗೆ ಯಾಡಿ ಎಂದರೆ ತಾಯಿ ಎಂದು ತಿಳಿಯದೇ ಇರುತ್ತದೆಯೇ? ಆದರೂ, “ಯಾಡಿ ಎಂದರೇನು? ಸರಿಯಾಗಿ ಕನ್ನಡದಲ್ಲಿ ಹೇಳು” ಎಂದೆ. ತರಗತಿಯಲ್ಲಿ ಕನ್ನಡವಲ್ಲದೆ ಬೇರೆ ಮಾತು ಕೂಡದು ಎಂಬ ನಿಯಮವನ್ನು ನಾನೇ ಮಾಡಿದ್ದೆ, ಶಾಲೆಯವರು ಮಾಡಿದ್ದಲ್ಲ. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ನಿಂತ. ‘ತಾಯಿ’ ಎನ್ನುವವರೆಗೆ ನಾನು ಅವನನ್ನು ಕೂರಿಸಲಿಲ್ಲ. ಜ್ವರ ಹೇಗಿದೆ ಎಂದು ಕೇಳಲೂ ಇಲ್ಲ.

ಇದನ್ನು ಕನ್ನಡಾಭಿಮಾನ ಎಂದುಕೊಂಡಿದ್ದೆ. ಬಹುಶಃ ಆ ದಿನದಿಂದಲೇ ಅವನೊಳಗೆ, ಮನೆಯ ಮಾತನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು ಎಂಬ ಪಾಠ ನಿಂತಿರಬೇಕು. ಈಗ ಅವನ ಮನೆಯಲ್ಲಿ ಲಂಬಾಣಿ ಇಲ್ಲ. ಅದಕ್ಕೆ ಕಾಲವೂ ಪೇಟೆಯೂ ಕಾರಣವಿರಬಹುದು. ಆದರೆ ನನ್ನ ಪಾಲೂ ಇದೆ.

ಲಂಬಾಣಿ ಎಂದರೆ ಸಾಮಾನ್ಯ ಸಂಗತಿಯಲ್ಲ. ರಾಜಸ್ಥಾನಿ ನುಡಿಗಳ ಬಳಗಕ್ಕೆ ಸೇರಿದ ಈ ಭಾಷೆಯನ್ನು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದ ಬಂಜಾರರು ದಕ್ಷಿಣಕ್ಕೆ ತಂದರು. ಅವರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುವ ಸೂರಗೊಂಡನಕೊಪ್ಪ ಶಿಕಾರಿಪುರಕ್ಕೆ ದೂರವೇನಲ್ಲ. ಅದಕ್ಕೆ ತನ್ನದೇ ಲಿಪಿಯಿಲ್ಲ. ನಮ್ಮಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಬರೆಯುತ್ತಾರೆ. ಕದಂಬರ ಕಾಲದಲ್ಲಿ ಕನ್ನಡ ಬ್ರಾಹ್ಮಿಯ ಆಸರೆ ಪಡೆದ ಹಾಗೆ.

2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆಯೆಂದು ಬರೆಸಿದವರು ಸುಮಾರು 32 ಲಕ್ಷಕ್ಕೂ ಹೆಚ್ಚು. ಆದರೆ ಪ್ರಕಟವಾದ ಪಟ್ಟಿಯಲ್ಲಿ ಇವರನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸಲಾಗಿದೆ, ಇತರ ಐವತ್ತಕ್ಕೂ ಹೆಚ್ಚು ಮಾತುಗಳೊಡನೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಮೊದಲು 14 ಭಾಷೆಗಳಿದ್ದವು, ಈಗ 22 ಇವೆ, ಲಂಬಾಣಿ ಅದರಲ್ಲಿಲ್ಲ. ಇತ್ತ, ತಾಳಗುಂದದ ಸುತ್ತಿನ ಕಲ್ಲುಗಳ ಮೇಲಿನ ಮೂರು ಭಾಷೆಗಳಿಗೂ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆತಿದೆ: ಸಂಸ್ಕೃತಕ್ಕೆ 2005ರಲ್ಲಿ, ಕನ್ನಡಕ್ಕೆ 2008ರಲ್ಲಿ, ಪ್ರಾಕೃತಕ್ಕೆ 2024ರಲ್ಲಿ. ಅದೇ ಕಲ್ಲುಗಳ ಪಕ್ಕದ ತಾಂಡಾದಲ್ಲಿ ತಾಯಿ ಮಗುವನ್ನು ಕರೆಯುವ ಭಾಷೆಗೆ ಪಟ್ಟಿಯಲ್ಲಿ ತನ್ನ ಹೆಸರಿನ ಒಂದು ಸಾಲೂ ಇಲ್ಲ.

ಹಿಂದಿಯ ಹೆಸರಿನಲ್ಲಿ ಕನ್ನಡ ಕರಗಿಹೋಗಬಾರದೆಂದು ನಾವು ಹೇಳುತ್ತೇವೆ, ಸರಿಯಾಗಿಯೇ ಹೇಳುತ್ತೇವೆ. ಆ ನ್ಯಾಯವನ್ನು ನಮ್ಮ ಮನೆಯೊಳಗಿನ ಸಣ್ಣ ಮಾತುಗಳಿಗೂ ಕೊಡಬೇಡವೇ? 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂತು. 2011ರ ಲೆಕ್ಕದಂತೆ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯಾಗಿರುವವರು ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲಿನವರು ಪರಕೀಯರಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಒಂದು ಗಂಟೆ ನಿಂತರೆ ಕನ್ನಡ, ಉರ್ದು, ಲಂಬಾಣಿ, ಕೊಂಕಣಿ ಕಿವಿಗೆ ಬೀಳುತ್ತವೆ. ವ್ಯಾಪಾರ ಕುದುರುವುದು ಕನ್ನಡದಲ್ಲಿ. ಎಲ್ಲರೂ ಒಟ್ಟಿಗೆ ಆಡುವ ಮಾತಾಗಿರುವುದೇ ಕನ್ನಡದ ದೊಡ್ಡಸ್ತಿಕೆ. ಇನ್ನೊಬ್ಬರ ಮನೆಯ ಮಾತನ್ನು ಕಿತ್ತುಕೊಂಡು ಅದು ದೊಡ್ಡದಾಗಬೇಕಾಗಿಲ್ಲ.

ಉತ್ತರ

ಇನ್ನು ನಿನಗೆ, ಅಪ್ಪಾ. ನೀನು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಬಾಕಿ ಇದೆ.

1984ರ ಪ್ರಶ್ನೆ ಮೊದಲು. ಕದಂಬರ ಮನೆಯಲ್ಲಿ ಯಾವ ಮಾತಿತ್ತು ಎಂದು ಕಂಬ ಹೇಳುವುದಿಲ್ಲ. ಕಲ್ಲಿನ ಭಾಷೆ ಒಂದು, ಪಾಠದ ಭಾಷೆ ಒಂದು, ಒಲೆಯ ಮುಂದಿನ ಭಾಷೆ ಇನ್ನೊಂದು ಆಗಿರಬಹುದು. ಅದರಿಂದ ಅವರು ಈ ನೆಲದವರಲ್ಲ ಎಂದಾಗುವುದಿಲ್ಲ. ಮಳವಳ್ಳಿಯ ಕಂಬದ ಮೇಲೆ ಪ್ರಾಕೃತ, ತಾಳಗುಂದದ ಕಂಬದ ಮೇಲೆ ಸಂಸ್ಕೃತ, ಮೆಟ್ಟಿಲಿನ ಕಲ್ಲಿನ ಮೇಲೆ ಕನ್ನಡ. ಇವೆಲ್ಲ ಸೇರಿಯೇ ಕನ್ನಡ ನಾಡು.

ಜನಗಣತಿಯ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. 2011ರ ಗಣತಿಯಲ್ಲಿ ಮಾತೃಭಾಷೆಯ ಜೊತೆಗೆ, ಬಲ್ಲ ಇತರ ಎರಡು ಭಾಷೆಗಳನ್ನೂ ಬರೆಸಲು ಜಾಗವಿತ್ತು. ನಿನ್ನ ಹೆಸರಿನ ಮುಂದೆ ಮೊದಲಿಗೆ ಲಂಬಾಣಿ ಎಂದು ಬರೆಸು, ಆಮೇಲೆ ಕನ್ನಡ ಎಂದು ಬರೆಸು. ಎರಡೂ ನಿಜ. ಮೊದಲನೆಯದರಿಂದ ಎರಡನೆಯದಕ್ಕೆ ಕುಂದಿಲ್ಲ. ನಿನ್ನ ಮಗಳು ಕನ್ನಡ ಎಂದು ಬರೆಸುವುದಾದರೆ ಅದೂ ನಿಜವೇ. ಅದು ಅವಳ ಬಾಲ್ಯದ ಮಾತು. ಆದರೆ ಮೊಮ್ಮಗುವಿಗೆ ಒಂದು ಹಾಡನ್ನಾದರೂ ನಿನ್ನ ಯಾಡಿ ಹೇಳಿಕೊಟ್ಟ ಮಾತಿನಲ್ಲಿ ಕಲಿಸು.

ಅಂದು ನಿನ್ನನ್ನು ನಿಲ್ಲಿಸಿದ್ದು ತಪ್ಪು. ನಲವತ್ತು ವರ್ಷ ತಡವಾಗಿ ಕೇಳುತ್ತಿದ್ದೇನೆ, ಆ ದಿನ ನಿನ್ನ ಯಾಡಿಯ ಜ್ವರ ಯಾವಾಗ ಇಳಿಯಿತು? ಬಿಡುವಾದಾಗ ಮತ್ತೊಮ್ಮೆ ಕರೆ ಮಾಡು.